ಟಿಪ್ ಯಾಕೆ ಬೇಗ ಹೋಗುತ್ತಿದೆ? ಕಾರ್ಬೈಡ್ ಇನ್ಸರ್ಟ್‌ನ ದೋಷ ಹುಡುಕುವ ಕೈಪಿಡಿ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವ ಶೆಡ್ಡಿಗೆ ಹೋದರೂ ಸಿಎನ್‌ಸಿ ಲೇತ್ (ಪ್ರೋಗ್ರಾಂನಂತೆ ಲೋಹದ ತುಂಡನ್ನು ತಿರುಗಿಸಿ ಕಟ್ ಮಾಡುವ ಯಂತ್ರ) ಪಕ್ಕದಲ್ಲಿ ಒಂದು ಡಬ್ಬ ಇರುತ್ತದೆ. ಕೆಟ್ಟ ಟಿಪ್‌ಗಳೆಲ್ಲ ಅದರೊಳಗೆ. ಟಿಪ್ ಅಥವಾ ಇನ್ಸರ್ಟ್ ಎಂದರೆ ಟೂಲ್ ತುದಿಗೆ ಸ್ಕ್ರೂ ಹಾಕಿ ಕೂರಿಸುವ, ಲೋಹ ಕಟ್ ಮಾಡುವ ಸಣ್ಣ ಕಾರ್ಬೈಡ್ ತುಂಡು. ಟಿಪ್ ಹೋಯಿತಾ, ಬಿಚ್ಚು, ಡಬ್ಬಕ್ಕೆ ಹಾಕು, ಹೊಸದು ಕಟ್ಟು, ಸೈಕಲ್ ಸ್ಟಾರ್ಟ್ ಒತ್ತು. ಅದು ಯಾಕೆ ಹೋಯಿತು ಎಂದು ನೋಡಲು ಯಾರಿಗೂ ಪುರುಸೊತ್ತಿಲ್ಲ. ತಿಂಗಳ ಕೊನೆಗೆ ಟೂಲ್ ಬಿಲ್ ಬಂದಾಗ ಮಾಲೀಕರು ಕೂಗಾಡುತ್ತಾರೆ. ಆಗ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಈ ಬ್ರ್ಯಾಂಡ್ ಸರಿ ಇಲ್ಲ ಸಾರ್, ಬೇರೆ ತರಿಸಿ."

ಬ್ರ್ಯಾಂಡ್ ಬದಲಿಸಿ ನೋಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ದೋಷ ಜಾಸ್ತಿ ಸಲ ಇರುವುದು ಟಿಪ್ ಹಿಡಿಯುವ ಹೋಲ್ಡರ್‌ನಲ್ಲಿ, ಸೆಟಪ್‌ನಲ್ಲಿ, ಪ್ರೋಗ್ರಾಂನಲ್ಲಿ, ಇಲ್ಲವೇ ಕೂಲೆಂಟ್ (ಟಿಪ್ ತಣಿಸುವ ದ್ರವ) ಟ್ಯಾಂಕಿನಲ್ಲಿ. ಯಾವುದರಲ್ಲಿ ಎಂಬುದನ್ನು ಹೇಳುವುದು ಆ ಸವೆದ ಅಂಚು. ಅದನ್ನು ಓದುವುದು ಹೇಗೆ ಎನ್ನುವುದಷ್ಟೇ ಇಲ್ಲಿನ ವಿಷಯ.

ಕೈಯಲ್ಲಿರುವ ವಸ್ತು

ಟಿಪ್ ಒಂದೇ ಲೋಹದ ತುಂಡಲ್ಲ. ಟಂಗ್‌ಸ್ಟನ್ ಕಾರ್ಬೈಡ್‌ನ ಸಣ್ಣ ಕಣಗಳನ್ನು ಕೋಬಾಲ್ಟ್ ಜೊತೆ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1400 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸಿಂಟರ್ ಮಾಡಿದ, ಅಂದರೆ ಪೂರ್ತಿ ಕರಗಿಸದೆ ಕಾಯಿಸಿ ಬೆಸೆದ ವಸ್ತು ಅದು. ಗಟ್ಟಿತನ ಕಾರ್ಬೈಡ್ ಕಣದ್ದು. ಪೆಟ್ಟು ತಾಳುವ ಗುಣ ಕೋಬಾಲ್ಟ್‌ನದು. ಕೋಬಾಲ್ಟ್ 6 ಶೇಕಡಾ ಇದ್ದರೆ ಟಿಪ್ ಗಟ್ಟಿ, ಬೇಗ ಸವೆಯದು, ಆದರೆ ಪೆಟ್ಟು ಬಿದ್ದರೆ ಸಿಡಿಯುತ್ತದೆ. 10-12 ಶೇಕಡಾ ಇದ್ದರೆ ಪೆಟ್ಟು ತಡೆಯುತ್ತದೆ, ಸವೆತ ಜಾಸ್ತಿ. ಗ್ರೇಡ್ ಆಯ್ಕೆ ಎಂದರೆ ಬಹುಪಾಲು ಈ ಎರಡರ ನಡುವಿನ ಜಗ್ಗಾಟ. ಕಣದ ಗಾತ್ರ ಮತ್ತು ಮೇಲಿನ ಕೋಟಿಂಗ್ ಆಮೇಲಿನ ಮಾತು.

ಒತ್ತಿದರೆ ಕಾರ್ಬೈಡ್ ಜಗ್ಗುವುದಿಲ್ಲ. ಎಳೆದರೆ, ಬಗ್ಗಿಸಿದರೆ ಪಟ್ ಎಂದು ಮುರಿಯುತ್ತದೆ. ಇದೊಂದು ನೆನಪಿದ್ದರೆ ಮುಂದಿನ ಅರ್ಧ ವಿಷಯ ತಾನಾಗಿಯೇ ಗೊತ್ತಾಗುತ್ತದೆ. ನಮ್ಮೂರಿನ ಬೋರ್‌ವೆಲ್ ಲಾರಿಯ ಹ್ಯಾಮರ್ ಬಿಟ್ ನೋಡಿ. ಮುಖದ ತುಂಬ ಗುಂಡಗಿನ ಕಾರ್ಬೈಡ್ ಬಟನ್‌ಗಳು. ಬೆಂಗಳೂರಿನ ಕೆಳಗಿರುವ ಗಟ್ಟಿ ನೈಸ್ ಬಂಡೆಯನ್ನು ಅವು ಕುಟ್ಟಿ ಪುಡಿ ಮಾಡುತ್ತವೆ. ಅಲ್ಲಿ ಬಟನ್ ಮೇಲೆ ಬೀಳುವುದು ಬಹುಪಾಲು ಒತ್ತಡ. ಅದೇ ಜಾತಿಯ ವಸ್ತು ಲೇತ್ ಮೇಲೆ ಒಂದು ಸಡಿಲ ಸ್ಕ್ರೂ ಕಾರಣಕ್ಕೆ ಎರಡು ತುಂಡಾಗುತ್ತದೆ.

ಇನ್ನೊಂದು ಮಾತು. ಕೋಬಾಲ್ಟ್ ಬೆರೆಸಿದ ಕಾರ್ಬೈಡ್ ಹುಟ್ಟಿದ್ದು 1923ರಲ್ಲಿ, ಜರ್ಮನಿಯ ಓಸ್ರಾಂ ಕಂಪನಿಯಲ್ಲಿ, ಕಾರ್ಲ್ ಶ್ರೋಟರ್ ಕೈಯಲ್ಲಿ. ಬಲ್ಬಿನ ಟಂಗ್‌ಸ್ಟನ್ ತಂತಿ ಎಳೆಯುವ ಡೈಗೆ ವಜ್ರದ ಬದಲು ಅಗ್ಗದ ವಸ್ತು ಬೇಕಿತ್ತು. ಆಮೇಲೆ ಕ್ರುಪ್ ಕಂಪನಿ ಅದನ್ನು ವಿಡಿಯಾ ಎಂಬ ಹೆಸರಲ್ಲಿ ಮಾರಿತು. ತುಮಕೂರು ರಸ್ತೆಯಲ್ಲಿ ಇವತ್ತು ಕೆನಾಮೆಟಲ್ ಇಂಡಿಯಾ ಎಂದು ಬೋರ್ಡ್ ಇರುವ ಕಾರ್ಖಾನೆ ಮೊದಲು ವಿಡಿಯಾ ಇಂಡಿಯಾ ಆಗಿತ್ತು. ಹಳೇ ಟರ್ನರ್‌ಗಳು ಯಾವ ಕಂಪನಿಯ ಕಾರ್ಬೈಡ್ ಕೊಟ್ಟರೂ 'ವಿಡಿಯಾ ಟೂಲ್' ಎನ್ನುತ್ತಾರಲ್ಲ, ಆ ಹೆಸರೇ ಇದು.

ಟಿಪ್ ಬಿಚ್ಚುವ ಮುಂಚೆ

ಮೆಷಿನ್ ನಿಲ್ಲಿಸಿ. ಸ್ಕ್ರೂಗೆ ಕೈ ಹಾಕುವ ಮೊದಲು ಇಷ್ಟು ಬರೆದಿಡಿ. ಎಷ್ಟನೇ ಜಾಬ್‌ಗೆ (ಕಟ್ ಮಾಡುವ ಲೋಹದ ತುಂಡಿಗೆ) ಹೋಯಿತು? ಕಟ್‌ನ ಯಾವ ಜಾಗದಲ್ಲಿ ಹೋಯಿತು: ಜಾಬ್‌ಗೆ ತಾಗುವಾಗಲೇ, ನಡುವೆ, ಹೊರಗೆ ಬರುವಾಗ, ಅಥವಾ ಫೇಸಿಂಗ್‌ನಲ್ಲಿ (ಜಾಬ್‌ನ ತುದಿ ಮುಖ ಕಟ್ ಮಾಡುವಾಗ) ಸೆಂಟರ್ ಹತ್ತಿರ? ಅದಕ್ಕೆ ಮುಂಚೆ ಸದ್ದು ಬದಲಾಯಿತಾ? ಟ್ರೇನಲ್ಲಿ ಬಿದ್ದ ಚಿಪ್ಸ್ (ಕಟ್ ಆಗಿ ಬಂದ ಲೋಹದ ಸಿಪ್ಪೆ) ಉದ್ದ ಸುರುಳಿಯಾ, ತುಂಡು ತುಂಡಾ, ಯಾವ ಬಣ್ಣ? ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ ಸಾಕು.

ಆಮೇಲೆ ಟಿಪ್ ಬಿಚ್ಚಿ, ಎಣ್ಣೆ ಒರೆಸಿ, 10 ಪಟ್ಟು ದೊಡ್ಡದಾಗಿ ಕಾಣುವ ಲೂಪ್ ಹಿಡಿದು ಬಾಗಿಲ ಬೆಳಕಿಗೆ ತನ್ನಿ. ಟ್ಯೂಬ್‌ಲೈಟ್ ಕೆಳಗೆ ಸಣ್ಣ ಬಿರುಕು ಕಾಣುವುದಿಲ್ಲ. ನೋಡಬೇಕಾದ ಜಾಗ ಮೂರು. ಚಿಪ್ಸ್ ಜಾರಿ ಹೋಗುವ ಮೇಲಿನ ಮುಖ. ಜಾಬ್‌ಗೆ ಉಜ್ಜುವ ಪಕ್ಕದ ಮೈ, ಅಂದರೆ ಫ್ಲಾಂಕ್. ಇವೆರಡೂ ಸೇರುವ ಅಂಚು ಮತ್ತು ಅದರ ಮೂಗು.

ಇಲ್ಲಿ ಒಂದು ತೊಡಕಿದೆ. ಪೂರ್ತಿ ಚೂರಾದ ಟಿಪ್‌ನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮೊದಲು ಗುಂಡಿ ಬಿತ್ತಾ, ಬಿರುಕು ಬಿತ್ತಾ, ಅಂಚು ಉದುರಿತಾ ಎಂಬುದೆಲ್ಲ ಒಡೆದ ತುಂಡಿನ ಜೊತೆ ಟ್ರೇ ಸೇರಿರುತ್ತದೆ. ಹಾಗಾಗಿ 40ನೇ ಜಾಬ್‌ಗೆ ಟಿಪ್ ಮುರಿಯುತ್ತಿದ್ದರೆ ಮುಂದಿನ ಅಂಚನ್ನು 15ನೇ ಜಾಬ್ ಆದ ಮೇಲೆ ಒಮ್ಮೆ, 25ನೇ ಜಾಬ್ ಆದ ಮೇಲೆ ಒಮ್ಮೆ ನಿಲ್ಲಿಸಿ ನೋಡಿ. ಹುಟ್ಟುವಾಗಿನ ದೋಷ ಆಗ ಕಾಣುತ್ತದೆ. ಎರಡು ನಿಮಿಷ ಹಾಳು ಎಂದು ಸೂಪರ್‌ವೈಸರ್ ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ.

ಟಿಪ್ ಎರಡು ತುಂಡಾಗಿದ್ದರೆ: ಮೊದಲು ಹಿಡಿತ

ಮೊದಲ ಕೆಲವು ಜಾಬ್‌ಗಳಲ್ಲೇ ಟಿಪ್ ತುಂಡಾದರೆ ಸ್ಪೀಡ್, ಫೀಡ್ (ಜಾಬ್ ಒಂದು ಸುತ್ತು ತಿರುಗುವಾಗ ಟೂಲ್ ಸರಿಯುವ ದೂರ), ಗ್ರೇಡ್ ಯಾವುದನ್ನೂ ಮುಟ್ಟಬೇಡಿ. ಟಿಪ್ ಕೂರುವ ಜಾಗ ನೋಡಿ.

ಟಿಪ್ ಕೆಳಗೆ ಆಧಾರಕ್ಕೆ ಶಿಮ್ ಎಂಬ ಬಿಲ್ಲೆ ಇರುತ್ತದೆ. ಅದೂ ಕಾರ್ಬೈಡೇ. ಹಿಂದೊಮ್ಮೆ ಟಿಪ್ ಒಡೆದಾಗ ಶಿಮ್‌ನ ಮೂಲೆಯೂ ಒಡೆದಿರುತ್ತದೆ. ಆಪರೇಟರ್ ಟಿಪ್ ಮಾತ್ರ ಬದಲಿಸಿರುತ್ತಾನೆ. ಈಗ ಹೊಸ ಟಿಪ್‌ನ ಮೂಗಿನ ಕೆಳಗೆ ಆಧಾರವೇ ಇಲ್ಲ. ಕಟ್‌ನ ಒತ್ತಡ ಬಿದ್ದ ಕೂಡಲೇ ಮೂಗು ಕೆಳಕ್ಕೆ ಬಗ್ಗುತ್ತದೆ. ಕಾರ್ಬೈಡ್‌ಗೆ ಬಗ್ಗುವುದು ಗೊತ್ತಿಲ್ಲ. ಮುರಿಯಿತು. ಒಂದಾದ ಮೇಲೊಂದು ಟಿಪ್ ಒಂದೇ ಮೂಲೆಯಲ್ಲಿ, ಒಂದೇ ರೀತಿ ಒಡೆಯುತ್ತಿದ್ದರೆ ಶಿಮ್ ಮೇಲೆ ಮೊದಲು ಸಂಶಯ ಪಡಿ. ಶಿಮ್ ತೆಗೆದು ಬೆಳಕಿಗೆ ಹಿಡಿಯಿರಿ. ಮೂಲೆ ಸರಿ ಇದೆಯಾ, ಟಿಪ್‌ನ ಅಚ್ಚು ಮೇಲೆ ಮೂಡಿದೆಯಾ ನೋಡಿ. ಮೂಡಿದ್ದರೆ ಅದನ್ನು ತಿರುಗಿಸಿ ಹಾಕುವ ಉಳಿತಾಯ ಬೇಡ. ಹೊಸದು ಹಾಕಿ.

ಆಮೇಲೆ ಪಾಕೆಟ್, ಅಂದರೆ ಹೋಲ್ಡರ್‌ನಲ್ಲಿ ಟಿಪ್ ಕೂರುವ ಗುಳಿ. ಶಿಮ್ ಕೆಳಗೆ ಸಿಕ್ಕಿಕೊಂಡ ಕೂದಲಿನಷ್ಟು ತೆಳು ಚಿಪ್ಸ್ ಸಾಕು ಟಿಪ್ ಮುರಿಯಲು. ಏರ್ ಗನ್‌ನಲ್ಲಿ ಊದಿ, ಬಟ್ಟೆಯಲ್ಲಿ ಒರೆಸಿ, ಬೆರಳು ಆಡಿಸಿ. ಟಿಪ್ ಇಟ್ಟು ಸ್ಕ್ರೂ ಹಾಕದೆ ಒತ್ತಿ ನೋಡಿ. ಅಲುಗಾಡಿದರೆ ಪಾಕೆಟ್ ಸವೆದಿದೆ ಎಂದು ಅರ್ಥ. ಆ ಹೋಲ್ಡರ್‌ನ ಆಯುಸ್ಸು ಮುಗಿಯಿತು.

ಸ್ಕ್ರೂ ಮಾತು ಬಂದರೆ ಪೀಣ್ಯದಲ್ಲಿ ಒಂದು ಕೆಟ್ಟ ಚಾಳಿ ಇದೆ. ನಕ್ಷತ್ರ ತುದಿಯ ಟಾರ್ಕ್ಸ್ ಕೀಗೆ ಪೈಪ್ ಸಿಕ್ಕಿಸಿ ಬಿಗಿಯುವುದು. ಸ್ಕ್ರೂ ಎಳೆದುಕೊಂಡು ಉದ್ದವಾಗುತ್ತದೆ, ತಲೆಯ ಹಲ್ಲು ಹಾಳಾಗುತ್ತದೆ, ಆಮೇಲೆ ಸರಿಯಾಗಿ ಬಿಗಿಯುವುದೇ ಇಲ್ಲ. ಸ್ಕ್ರೂ ಕೆಲವು ರೂಪಾಯಿಯ ವಸ್ತು. ಅದಕ್ಕೂ ಆಯುಸ್ಸಿದೆ. ಒಂದಷ್ಟು ಸ್ಕ್ರೂ, ಶಿಮ್ ಸ್ಟಾಕ್ ಇಟ್ಟುಕೊಳ್ಳದೆ ಟಿಪ್ ಮಾತ್ರ ಡಬ್ಬಗಟ್ಟಲೆ ತರಿಸುವುದು ಯಾವ ಲೆಕ್ಕ ಹೇಳಿ.

ಹಿಡಿತ ಸರಿ ಇದ್ದರೆ ಟೂಲ್ ಎಷ್ಟು ಹೊರಗೆ ಚಾಚಿದೆ ನೋಡಿ. ಬಗ್ಗುವಿಕೆ ಚಾಚಿನ ಉದ್ದದ ಘನದಷ್ಟು ಏರುತ್ತದೆ. ಚಾಚು ಎರಡು ಪಟ್ಟಾದರೆ ಬಗ್ಗುವುದು 8 ಪಟ್ಟು. ತೂತಿನ ಒಳಮೈ ಕಟ್ ಮಾಡುವ ಬೋರಿಂಗ್ ಬಾರ್‌ನಲ್ಲಿ ಇದು ಎದ್ದು ಕಾಣುತ್ತದೆ. ಉಕ್ಕಿನ ಬಾರ್ ವ್ಯಾಸದ 4 ಪಟ್ಟಿನ ತನಕ ಚಾಚಬಹುದು. ಅದರಾಚೆ ಚ್ಯಾಟರ್, ಅಂದರೆ ಟೂಲ್ ನಡುಗುವುದು, ಶುರು. ಅಲ್ಲಿ ಕಾರ್ಬೈಡ್ ಶ್ಯಾಂಕ್‌ನ ಬಾರ್ ಹಾಕಿದರೆ 6 ಪಟ್ಟಿನ ತನಕ ಹೋಗಬಹುದು, ಯಾಕೆಂದರೆ ಉಕ್ಕಿಗಿಂತ ಅದರ ಬಿಗಿತ ಸುಮಾರು 3 ಪಟ್ಟು. ದುಬಾರಿ, ನಿಜ. ಆದರೆ ಆಳದ ಬೋರ್ ದಿನಾ ಮಾಡುವವರಿಗೆ ಅದು ಟಿಪ್ ಬಿಲ್‌ನಲ್ಲೇ ವಾಪಸ್ ಬರುತ್ತದೆ.

ಸೆಂಟರ್ ಹೈಟ್, ಅಂದರೆ ಜಾಬ್‌ನ ಸೆಂಟರ್‌ಗೆ ಟಿಪ್ ಎತ್ತರ ಸರಿ ಇದೆಯಾ ಎಂಬುದು, ಮರೆಯಬೇಡಿ. ಅದರಲ್ಲೂ ಜಾಬ್ ಕತ್ತರಿಸಿ ಬೇರೆ ಮಾಡುವ ಪಾರ್ಟಿಂಗ್ ಟೂಲ್‌ಗೆ. ಸೆಂಟರ್‌ನಿಂದ 0.1 ಮಿಮೀಗಿಂತ ಜಾಸ್ತಿ ಆಚೀಚೆ ಇರಬಾರದು. ಕೆಳಗಿದ್ದರೆ ಜಾಬ್ ಮಧ್ಯದಲ್ಲಿ ಸಣ್ಣ ಗುಬಟು ಉಳಿಯುತ್ತದೆ. ಆ ಗುಬಟು ಟಿಪ್ ಮೇಲೆ ಹತ್ತುತ್ತದೆ, ಟಿಪ್ ಒಡೆಯುತ್ತದೆ. ಸೆಂಟರ್‌ಗೆ 2 ಮಿಮೀ ಉಳಿದಿರುವಾಗ ಫೀಡ್ ಅನ್ನು ಕಾಲು ಭಾಗಕ್ಕೆ ಇಳಿಸಿದರೆ ಅರ್ಧಕ್ಕರ್ಧ ತೊಂದರೆ ನಿಲ್ಲುತ್ತದೆ.

ಅಂಚು ಉದುರಿದ್ದರೆ

ತುಂಡಾಗಿಲ್ಲ, ಆದರೆ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ದೋಷ ಪಟ್ಟಿಯಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಇದೇ, ಯಾಕೆಂದರೆ ಕಾರಣಗಳು ಹಲವು. ಕಚ್ಚು ಎಲ್ಲಿದೆ ಎಂಬುದರಿಂದ ಅವನ್ನು ಬಿಡಿಸಬಹುದು.

ಕಟ್ ಮಾಡುವ ಭಾಗದಿಂದ ಆಚೆ ಕಚ್ಚು ಇದೆಯಾ? ಅಂದರೆ ಕಟ್ ಆಳ 2 ಮಿಮೀ, ಆದರೆ 4 ಮಿಮೀ ದೂರದ ಅಂಚು ಉದುರಿದೆ. ಅಲ್ಲಿ ಜಾಬ್ ತಾಗುವುದೇ ಇಲ್ಲ. ತಾಗಿದ್ದು ಚಿಪ್ಸ್. ಉದ್ದ ಸುರುಳಿ ತಿರುಗಿ ಬಂದು ಅಂಚಿಗೆ ಬಡಿಯುತ್ತಿದೆ. ಗ್ರೇಡ್ ಬದಲಿಸಿದರೆ ಏನೂ ಆಗದು. ಫೀಡ್ ಸ್ವಲ್ಪ ಏರಿಸಿ, ಚಿಪ್ ಬ್ರೇಕರ್ (ಚಿಪ್ಸ್ ಮುರಿಯಲು ಟಿಪ್ ಮೇಲಿರುವ ತೋಡು) ಬದಲಿಸಿ, ಸುರುಳಿ ಬೇರೆ ಕಡೆ ಹೋಗುವಂತೆ ಮಾಡಿ. ಫಿನಿಶಿಂಗ್ ಬ್ರೇಕರ್ ಇರುವ ಟಿಪ್‌ನಲ್ಲಿ ರಫಿಂಗ್, ರಫಿಂಗ್ ಟಿಪ್‌ನಲ್ಲಿ ಫಿನಿಶಿಂಗ್ ಮಾಡುವುದು ಇದರ ಸಾಮಾನ್ಯ ಮೂಲ. ಪ್ಯಾಕೆಟ್ ಮೇಲೆ ಫೀಡ್ ಮತ್ತು ಆಳದ ಮಿತಿ ಮುದ್ರಿಸಿರುತ್ತಾರೆ. ಯಾರೂ ಓದುವುದಿಲ್ಲ, ಅಷ್ಟೇ.

ಕಚ್ಚು ಕಟ್‌ನ ಉದ್ದಕ್ಕೂ ಇದೆಯಾ? ಕೀವೇ, ಅಡ್ಡ ತೂತು, ಚೌಕ ಬ್ಲ್ಯಾಂಕ್, ಹೀಗೆ ಕಟ್ ಬಿಟ್ಟು ಬಿಟ್ಟು ಬರುವ ಜಾಬ್ ಇದ್ದರೆ ಹೆಚ್ಚು ಕೋಬಾಲ್ಟ್ ಇರುವ, ಪೆಟ್ಟು ತಾಳುವ ಗ್ರೇಡ್ ಬೇಕು. ಅಂಥದ್ದೇನೂ ಇಲ್ಲದೆ ಉದುರುತ್ತಿದ್ದರೆ ಚ್ಯಾಟರ್. ಜಾಬ್ ಮೇಲೆ ಅಲೆ ಅಲೆ ಗುರುತು ಇರುತ್ತದೆ. ಚಕ್ ಜಾ ಹಿಡಿತ, ಟೇಲ್‌ಸ್ಟಾಕ್, ಬೆಲ್ಟ್, ಸ್ಪಿಂಡಲ್ ಬೇರಿಂಗ್ ನೋಡಿ. ಹಳೇ ಎಚ್‌ಎಂಟಿ ಲೇತ್‌ಗಳಲ್ಲಿ ಟೂಲ್ ಪೋಸ್ಟ್ ಮತ್ತು ಸ್ಲೈಡ್‌ನ ಗಿಬ್ (ಅಲುಗಾಟ ತಡೆಯುವ ಪಟ್ಟಿ) ಸಡಿಲ ಆಗಿರುವುದು ಮಾಮೂಲು. ಗಿಬ್ ಬಿಗಿದರೆ ಟಿಪ್ ಉಳಿಯುತ್ತದೆ.

ಮೊದಲ ಪಾಸ್‌ನಲ್ಲೇ ಉದುರಿತಾ? ಹಾಗಾದರೆ ಬ್ಲ್ಯಾಂಕ್ ನೋಡಿ. ಗ್ಯಾಸ್ ಕಟ್ ಮಾಡಿದ ಪ್ಲೇಟಿನ ಹೊರಮೈ ಬಿಸಿಯಾಗಿ ತಣಿದು ಒಳಗಿನ ಉಕ್ಕಿಗಿಂತ ಗಟ್ಟಿಯಾಗಿರುತ್ತದೆ. ಎರಕದ ಮೇಲಿನ ಮರಳು, ಫೋರ್ಜಿಂಗ್‌ನ ಸ್ಕೇಲ್ ಕೂಡ ಹಾಗೇ. ಮೊದಲ ಪಾಸ್ ತೆಳುವಾಗಿ ತೆಗೆದರೆ ಟಿಪ್ ಪೂರ್ತಿ ಆ ಗಟ್ಟಿ ಸಿಪ್ಪೆಯೊಳಗೇ ಉಜ್ಜುತ್ತಿರುತ್ತದೆ. ಆಳ ಜಾಸ್ತಿ ಕೊಟ್ಟು, ಮೂಗು ಸಿಪ್ಪೆಯ ಕೆಳಗೆ ಇಳಿಯುವಂತೆ ಮಾಡಿ. ಜಾಗ್ರತೆ ಎಂದು ತೆಳುವಾಗಿ ತೆಗೆಯುವುದೇ ಇಲ್ಲಿ ಟಿಪ್ ತಿನ್ನುವುದು.

ಕರೆಂಟ್ ಹೋದಾಗ ಟೂಲ್ ಜಾಬ್ ಒಳಗೇ ಸಿಕ್ಕಿಕೊಂಡರೂ ಅಂಚು ಉದುರುತ್ತದೆ. ಕರೆಂಟ್ ಬಂದ ಮೇಲೆ ಹಾಗೇ ಮುಂದುವರಿಸಬೇಡಿ. ಟೂಲ್ ಹಿಂದಕ್ಕೆ ತೆಗೆದು, ಆ ಅಂಚನ್ನು ಲೂಪ್‌ನಲ್ಲಿ ನೋಡಿ, ಸಂಶಯ ಬಂದರೆ ತಿರುಗಿಸಿಬಿಡಿ. ದೋಷದ ಲೆಕ್ಕದಿಂದ ಆ ಟಿಪ್ ತೆಗೆದಿಡಿ, ಇಲ್ಲದಿದ್ದರೆ ಇಲ್ಲದ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ಸವೆತ ಬೇಗ ಆಗುತ್ತಿದ್ದರೆ

ಫ್ಲಾಂಕ್ ಮೇಲೆ ಅಂಚಿನುದ್ದಕ್ಕೂ ಸಮವಾದ ಬಿಳಿ ಪಟ್ಟಿ ಇದ್ದರೆ ಖುಷಿ ಪಡಿ. ಟಿಪ್ ಸಾಯಬೇಕಾದ್ದು ಹೀಗೇ. ಪಟ್ಟಿ 0.3 ಮಿಮೀ ಆದಾಗ ಅಂಚು ತಿರುಗಿಸುವುದು ವಾಡಿಕೆ. ದೂರು ಏನಿದ್ದರೂ 'ಬೇಗ ಆಯಿತು' ಎಂಬುದಷ್ಟೇ. ಬೇಗ ಆದರೆ ಸ್ಪೀಡ್ ಲೆಕ್ಕ ಹಾಕಿ.

ಸ್ಪೀಡ್ ಎಂದರೆ ಆರ್‌ಪಿಎಂ ಅಲ್ಲ. ವ್ಯಾಸವನ್ನು ಮಿಮೀಯಲ್ಲಿ ಹಿಡಿದು 3.14ರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 1000ದಿಂದ ಭಾಗಿಸಿ. 50 ಮಿಮೀ ಜಾಬ್ 1000 ಆರ್‌ಪಿಎಂನಲ್ಲಿ ತಿರುಗಿದರೆ ನಿಮಿಷಕ್ಕೆ 157 ಮೀಟರ್. ಅದೇ ಆರ್‌ಪಿಎಂನಲ್ಲಿ 20 ಮಿಮೀ ಸ್ಟೆಪ್‌ಗೆ ಬಂದರೆ 63 ಮೀಟರ್. ಟಿಪ್‌ಗೆ ಇವೆರಡೂ ಬೇರೆ ಬೇರೆ ಲೋಕ. ಅದಕ್ಕೇ ವ್ಯಾಸ ಬದಲಾದರೂ ಸ್ಪೀಡ್ ಒಂದೇ ಇಡುವ ಜಿ96 ಎಂಬ ಪ್ರೋಗ್ರಾಂ ಕೋಡ್ ಇರುವುದು. ಎಷ್ಟೋ ಪ್ರೋಗ್ರಾಂಗಳಲ್ಲಿ ಹಳೇ ಜಾಬ್‌ನ ಜಿ97 ಹಾಗೇ ಉಳಿದಿರುತ್ತದೆ. ಆರ್‌ಪಿಎಂ ಕಟ್ಟಿಹಾಕಿ, ವ್ಯಾಸ ಬದಲಾದರೂ ಅದೇ ಓಟ. ಜಿ96 ಹಾಕಿದರೆ ಜಿ50ಯಲ್ಲಿ ಗರಿಷ್ಠ ಆರ್‌ಪಿಎಂ ಹಾಕಲೇಬೇಕು. ಇಲ್ಲದಿದ್ದರೆ ಫೇಸಿಂಗ್‌ನಲ್ಲಿ ಸೆಂಟರ್ ಹತ್ತಿರ ಹೋದಂತೆ ಆರ್‌ಪಿಎಂ ಏರುತ್ತಾ ಹೋಗುತ್ತದೆ. ಚಕ್ ಜಾಗಳು ಹೊರಕ್ಕೆ ಎಳೆದುಕೊಂಡು ಹಿಡಿತ ಬಿಡುತ್ತವೆ. ಆಗ ಟಿಪ್ ಮಾತ್ರ ಅಲ್ಲ, ಪ್ರಾಣಕ್ಕೇ ಅಪಾಯ.

ಸ್ಪೀಡ್ ಯಾಕೆ ಇಷ್ಟು ಮುಖ್ಯ? 1907ರಲ್ಲಿ ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ ಕೊಟ್ಟ ಟೂಲ್ ಆಯುಸ್ಸಿನ ಸೂತ್ರ ಇವತ್ತಿಗೂ ನಡೆಯುತ್ತದೆ. ಕಾರ್ಬೈಡ್‌ಗೆ ಅದರ ಘಾತ ಸುಮಾರು 0.25 ಹಿಡಿದರೆ, ಸ್ಪೀಡ್ 20 ಶೇಕಡಾ ಏರಿಸಿದಾಗ ಟಿಪ್ ಆಯುಸ್ಸು ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. 10 ಶೇಕಡಾ ಇಳಿಸಿದರೆ ಒಂದೂವರೆ ಪಟ್ಟಾಗುತ್ತದೆ. ಫೀಡ್ ಮತ್ತು ಆಳ ಏರಿಸಿದರೆ ಆಯುಸ್ಸಿಗೆ ಇಷ್ಟು ಪೆಟ್ಟು ಬೀಳುವುದಿಲ್ಲ. ಹಾಗಾಗಿ ಸೈಕಲ್ ಟೈಮ್ ಇಳಿಸಬೇಕಾದರೆ ಮೊದಲು ಆಳ, ಆಮೇಲೆ ಫೀಡ್, ಕೊನೆಗೆ ಸ್ಪೀಡ್. ನಮ್ಮಲ್ಲಿ ನಡೆಯುವುದು ಉಲ್ಟಾ, ಸ್ಪೀಡ್ ಏರಿಸುವ ಓವರ್‌ರೈಡ್ ನಾಬ್ ಕೈಗೆ ಸುಲಭವಾಗಿ ಸಿಗುತ್ತದೆ ಅಲ್ವಾ.

ಸವೆತ ಮೇಲಿನ ಮುಖದಲ್ಲಿ ಗುಂಡಿಯಾಗಿ ಬಂದಿದ್ದರೆ ಬೇರೆ ಕಥೆ. ಇದು ಬರೀ ಉಜ್ಜಾಟ ಅಲ್ಲ. ಕೆಂಪಗೆ ಕಾದ ಉಕ್ಕಿನ ಚಿಪ್ಸ್ ಜಾರುವಾಗ ಟಿಪ್‌ನ ಇಂಗಾಲ, ಟಂಗ್‌ಸ್ಟನ್ ಅದರೊಳಗೆ ಕರಗಿ ಹೋಗುತ್ತವೆ. ಬರೀ ಟಂಗ್‌ಸ್ಟನ್ ಕಾರ್ಬೈಡ್-ಕೋಬಾಲ್ಟ್ ಇರುವ ಗ್ರೇಡ್ ಎರಕದ ಕಬ್ಬಿಣಕ್ಕೆ ಚೆನ್ನ, ಉಕ್ಕಿಗೆ ಹೀಗೆ ಗುಂಡಿ ಬೀಳುತ್ತದೆ. ಉಕ್ಕಿನ ಗ್ರೇಡ್‌ಗಳಿಗೆ ಟೈಟಾನಿಯಂ, ಟ್ಯಾಂಟಲಂ ಕಾರ್ಬೈಡ್ ಸೇರಿಸುವುದು, ಮೇಲೆ ಅಲ್ಯೂಮಿನಾ ಪದರ ಕೊಡುವುದು ಇದನ್ನು ತಡೆಯಲಿಕ್ಕೇ. ಗುಂಡಿ ಕಂಡ ಕೂಡಲೇ ಪ್ಯಾಕೆಟ್ ಬಣ್ಣ ನೋಡಿ. ನೀಲಿ ಅಂದರೆ ಪಿ, ಉಕ್ಕಿಗೆ. ಹಳದಿ ಅಂದರೆ ಎಂ, ಸ್ಟೇನ್‌ಲೆಸ್‌ಗೆ. ಕೆಂಪು ಅಂದರೆ ಕೆ, ಎರಕದ ಕಬ್ಬಿಣಕ್ಕೆ. ಹಸಿರು ಅಲ್ಯೂಮಿನಿಯಂನಂಥವಕ್ಕೆ. ಇಎನ್8 ಉಕ್ಕಿನ ಜಾಬ್ ಮೇಲೆ ಕೆಂಪು ಪ್ಯಾಕೆಟ್ಟಿನ ಟಿಪ್ ಓಡುತ್ತಿರುವುದು ಅಪರೂಪವೇನಲ್ಲ. ಎರಡು ಡಬ್ಬದ ಟಿಪ್ ಬೆರೆತಿರುತ್ತವೆ. ಟಿಪ್‌ನ ಚಿನ್ನದ ಬಣ್ಣ, ಕಪ್ಪು ಬಣ್ಣ ನೋಡಿ ಗ್ರೇಡ್ ಹೇಳಲು ಹೋಗಬೇಡಿ. ಅದು ಮೇಲಿನ ಕೋಟಿಂಗ್ ಬಣ್ಣ ಮಾತ್ರ.

ಮೂಗು ಕೆಳಕ್ಕೆ ಜೋತು ಬಿದ್ದಂತೆ ಕಂಡರೆ ಬಿಸಿ ಮತ್ತು ಒತ್ತಡ ಎರಡೂ ಮಿತಿ ಮೀರಿವೆ. ಒಳಗಿನ ಕೋಬಾಲ್ಟ್ ಮೆದುವಾಗಿ ಟಿಪ್ ರೂಪ ಕಳೆದುಕೊಂಡಿದೆ. ಸೈಜ್ ಪದೇ ಪದೇ ಓಡುತ್ತದೆ, ಆಪರೇಟರ್ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಡುತ್ತಲೇ ಇರುತ್ತಾನೆ. ಸ್ಪೀಡ್ ಇಳಿಸಿ, ಇಲ್ಲವೇ ಕೋಬಾಲ್ಟ್ ಕಡಿಮೆ ಇರುವ ಗಟ್ಟಿ ಗ್ರೇಡ್ ಹಾಕಿ.

ಲೋಹ ಅಂಟಿಕೊಂಡಿದ್ದರೆ, ಒಂದೇ ಕಡೆ ಕಚ್ಚಿದ್ದರೆ

ಅಂಚಿನ ಮೇಲೆ ಜಾಬ್‌ನ ಲೋಹವೇ ಮೆತ್ತಿಕೊಂಡಿದ್ದು, ಜಾಬ್ ಮೈ ಹರಿದಂತಿದ್ದರೆ ಸ್ಪೀಡ್ ಕಡಿಮೆಯಾಗಿದೆ. ಮೆದು ಉಕ್ಕು, ಸ್ಟೇನ್‌ಲೆಸ್, ಅಲ್ಯೂಮಿನಿಯಂನಲ್ಲಿ ಸಾಮಾನ್ಯ. ಮೆತ್ತಿದ್ದು ಕಿತ್ತು ಬರುವಾಗ ಕೋಟಿಂಗ್ ಕೂಡ ಕಿತ್ತುಕೊಂಡು ಹೋಗುತ್ತದೆ. ಟಿಪ್ ಉಳಿಸಲು ಸ್ಪೀಡ್ ಇಳಿಸುವವರಿಗೆ ನಂಬುವುದು ಕಷ್ಟ, ಆದರೆ ಇಲ್ಲಿ ಸ್ಪೀಡ್ ಏರಿಸಿದರೇ ಟಿಪ್ ಬಾಳುತ್ತದೆ. ಅಲ್ಯೂಮಿನಿಯಂಗೆ ಕೋಟಿಂಗ್ ಇಲ್ಲದ, ಪಾಲಿಶ್ ಮಾಡಿದ ಚೂಪು ಟಿಪ್ ತರಿಸಿ.

ಕಟ್ ಆಳದ ಗೆರೆಯಲ್ಲಿ ಮಾತ್ರ ಆಳವಾದ ಕಚ್ಚು ಇದ್ದರೆ 304, 316 ಸ್ಟೇನ್‌ಲೆಸ್ ಮೇಲೆ ಅನುಮಾನ. ಹಿಂದಿನ ಪಾಸ್ ಮೈಯನ್ನು ಗಟ್ಟಿ ಮಾಡಿ ಹೋಗಿರುತ್ತದೆ. ಎಲ್ಲ ಪಾಸ್‌ಗೂ ಒಂದೇ ಆಳ ಕೊಡಬೇಡಿ. 2.5, 2, 1.5 ಎಂದು ಬದಲಿಸಿದರೆ ಕಚ್ಚು ಒಂದೇ ಜಾಗದಲ್ಲಿ ಬೀಳುವುದಿಲ್ಲ.

ಕೂಲೆಂಟ್, ಅದರಲ್ಲೂ ನಮ್ಮ ನೀರು

ಅಂಚಿಗೆ ಅಡ್ಡವಾಗಿ ಬಾಚಣಿಗೆ ಹಲ್ಲಿನಂತೆ ಸಾಲು ಬಿರುಕು ಕಂಡರೆ ಟಿಪ್ ಕಾದು ತಣಿದು, ಕಾದು ತಣಿದು ಸೋತಿದೆ. ಮಿಲ್ಲಿಂಗ್‌ನಲ್ಲಿ ಜಾಸ್ತಿ. ಲೇತ್‌ನಲ್ಲಿ ಬಂದರೆ ಕೂಲೆಂಟ್ ನಳಿಗೆ ಬೇರೆಲ್ಲೋ ತಿರುಗಿದೆ, ಅಥವಾ ಪಂಪ್ ಬಿಟ್ಟು ಬಿಟ್ಟು ಕೊಡುತ್ತಿದೆ. ಕೊಟ್ಟರೆ ಪೂರ್ತಿ ಧಾರೆ ಕೊಡಿ, ಇಲ್ಲವಾದರೆ ನಿಲ್ಲಿಸಿಯೇ ಬಿಡಿ. ಕೋಟಿಂಗ್ ಟಿಪ್‌ನಲ್ಲಿ ಉಕ್ಕಿನ ಮಿಲ್ಲಿಂಗ್ ಮಾಡುವಾಗ ಕೂಲೆಂಟ್ ಇಲ್ಲದೆ, ಗಾಳಿ ಊದಿ ಓಡಿಸುವುದೇ ಒಳ್ಳೆಯದು.

ಟ್ಯಾಂಕಿನ ವಿಷಯ ಬೇರೆ. ಪೀಣ್ಯದ ಎಷ್ಟೋ ಶೆಡ್‌ಗಳಿಗೆ ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರೇ ಗತಿ. ಗಡಸು ನೀರು. ಅದಕ್ಕೆ ಕೂಲೆಂಟ್ ಎಣ್ಣೆ ಬೆರೆಸಿದರೆ ಮೇಲೆ ಕೆನೆಯಂಥ ಜಿಡ್ಡು ನಿಲ್ಲುತ್ತದೆ, ಎಣ್ಣೆ ಬೇರೆಯಾಗುತ್ತದೆ, ಟಿಪ್‌ಗೆ ತಲುಪುವುದು ಬರೀ ನೀರು. ಎಣ್ಣೆ ಎಷ್ಟು ಶೇಕಡಾ ಬೆರೆತಿದೆ ಎಂದು ಅಳೆಯುವ ರಿಫ್ರ್ಯಾಕ್ಟೋಮೀಟರ್ ಒಂದು ಇಟ್ಟುಕೊಳ್ಳಿ. ಸಾಮಾನ್ಯ ಟರ್ನಿಂಗ್‌ಗೆ 5ರಿಂದ 8 ಶೇಕಡಾ. ಮೀಟರ್ ತೋರಿಸುವ ಅಂಕಿಯನ್ನು ಎಣ್ಣೆ ಡಬ್ಬದ ಮೇಲಿರುವ ಫ್ಯಾಕ್ಟರ್‌ನಿಂದ ಗುಣಿಸಬೇಕು, ಇದನ್ನು ಬಹಳ ಜನ ಬಿಡುತ್ತಾರೆ. ಬೆರೆಸುವಾಗ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರು ಸುರಿಯಬೇಡಿ. ಮಟ್ಟ ಇಳಿದಾಗ ಬರೀ ನೀರು ತುಂಬುವುದೂ ಬೇಡ, ತೆಳುವಾಗಿ ಬೆರೆಸಿದ್ದನ್ನೇ ತುಂಬಿ.

ಬ್ರೇಜ್ ಮಾಡಿದ ಟೂಲ್

ಉಕ್ಕಿನ ಶ್ಯಾಂಕ್‌ಗೆ ಕಾರ್ಬೈಡ್ ತುಂಡು ಬ್ರೇಜ್ ಮಾಡಿದ (ಬೆಸುಗೆ ಹಾಕಿದ) ಟೂಲ್ ಇನ್ನೂ ಬಹಳ ಕಡೆ ಓಡುತ್ತದೆ. ಜಾಬ್ ಮುಟ್ಟುವ ಮೊದಲೇ ಬಿರುಕು ಕಂಡರೆ ಬ್ರೇಜಿಂಗ್ ದೋಷ. ಬಿಸಿಗೆ ಉಕ್ಕು ಹಿಗ್ಗುವುದು ಕಾರ್ಬೈಡ್‌ನ ಎರಡು ಪಟ್ಟು. ಬೇಗ ತಣಿಸಿದರೆ ಉಕ್ಕು ಕುಗ್ಗಿ ಕಾರ್ಬೈಡ್ ಅನ್ನು ಎಳೆದು ಒಡೆಯುತ್ತದೆ. ಸುಣ್ಣದ ಪುಡಿಯಲ್ಲೋ ಬೂದಿಯಲ್ಲೋ ಹೂತಿಟ್ಟು ನಿಧಾನವಾಗಿ ತಣಿಸಿ. ಗ್ರೈಂಡ್ ಮಾಡಿದ ಮೇಲೆ ಬಿರುಕು ಬಂದರೆ ಚಕ್ರ ಮತ್ತು ನೀರು ನೋಡಿ. ಬಿಳಿ ಚಕ್ರ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ಗೆ. ಕಾರ್ಬೈಡ್‌ಗೆ ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರ, ಇಲ್ಲವೇ ವಜ್ರದ ಚಕ್ರ. ಬಿಸಿಯಾದ ತುದಿಯನ್ನು ಮಗ್‌ನ ನೀರಿಗೆ ಅದ್ದುವ ಅಭ್ಯಾಸ ಎಚ್‌ಎಸ್‌ಎಸ್ ಕಾಲದ್ದು. ಅದನ್ನು ಇಲ್ಲಿ ತರಬೇಡಿ.

ಗ್ರೇಡ್ ಮತ್ತು ಬ್ರ್ಯಾಂಡ್

ಮೇಲಿನದ್ದೆಲ್ಲ ನೋಡಿಯೂ ಸರಿಹೋಗದಿದ್ದರೆ ಈಗ ಗ್ರೇಡ್ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಟಿಪ್, ಸ್ಪೀಡ್, ಕೂಲೆಂಟ್ ಮೂರನ್ನೂ ಒಟ್ಟಿಗೆ ಬದಲಿಸಿ 'ಸರಿಯಾಯಿತು' ಎಂದರೆ ಯಾವುದರಿಂದ ಎಂದು ಕೇಳಿದಾಗ ಉತ್ತರ ಇರುವುದಿಲ್ಲ.

ನಕಲಿ ಟಿಪ್ ಬಗ್ಗೆಯೂ ಹೇಳಬೇಕು. ಬೆಲೆ ತೀರಾ ಕಡಿಮೆ, ಬಿಲ್ ಇಲ್ಲ, ಪ್ಯಾಕೆಟ್ ಮೇಲಿನ ಗ್ರೇಡ್‌ಗೂ ಟಿಪ್ ಮೇಲಿನ ಲೇಸರ್ ಗುರುತಿಗೂ ತಾಳೆ ಇಲ್ಲ ಎಂದರೆ ದೂರ ಇಡಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಕೊಂಡರೂ ಅಷ್ಟೇ, ಆನ್‌ಲೈನ್‌ನಲ್ಲಿ ಕೊಂಡರೂ ಅಷ್ಟೇ, ಬಿಲ್ ಮತ್ತು ಬ್ಯಾಚ್ ನಂಬರ್ ಕೇಳಿ. ತಕ್ಕಡಿ ಕೂಡ ಸ್ವಲ್ಪ ಸಹಾಯ ಮಾಡುತ್ತದೆ. ಕಾರ್ಬೈಡ್ ಸಾಂದ್ರತೆ ಸೆಂ.ಮೀ. ಘನಕ್ಕೆ 14-15 ಗ್ರಾಂ, ಉಕ್ಕಿನದು 7.8. ಸಿಎನ್‌ಎಂಜಿ 120408 (80 ಡಿಗ್ರಿ ಮೂಲೆಯ ವಜ್ರಾಕೃತಿ) ಟಿಪ್ ಒಂದು ಹತ್ತಿರ ಹತ್ತಿರ 10 ಗ್ರಾಂ ತೂಗಬೇಕು. ಕಡಿಮೆ ತೂಗಿದರೆ ಏನೋ ಸರಿಯಿಲ್ಲ. ಸರಿ ತೂಗಿದ ಮಾತ್ರಕ್ಕೆ ಅಸಲಿ ಎನ್ನಲೂ ಆಗದು.

ಡಬ್ಬದಲ್ಲಿರುವ ದುಡ್ಡು

ಲೆಕ್ಕಕ್ಕೆ ಒಂದು ಟಿಪ್ 400 ರೂಪಾಯಿ ಎಂದಿಟ್ಟುಕೊಳ್ಳಿ. ಸಿಎನ್‌ಎಂಜಿಯಲ್ಲಿ ಕೆಲಸಕ್ಕೆ ಬರುವ ಮೂಲೆ 4, ಮೇಲೆ 2, ಕೆಳಗೆ 2. ಮೂಲೆಗೆ 100 ರೂಪಾಯಿ. ಒಂದು ಮೂಲೆಯಲ್ಲಿ 50 ಜಾಬ್ ಬಂದರೆ ಜಾಬ್‌ಗೆ 2 ರೂಪಾಯಿ, 20ಕ್ಕೇ ಮುರಿದರೆ 5 ರೂಪಾಯಿ. ಮೂಲೆ ಒಡೆಯುವಾಗ ಕೆಳಗಿನ ಮೂಲೆಯನ್ನೂ ಕರೆದುಕೊಂಡು ಹೋದರೆ ಇನ್ನೂ ನಷ್ಟ. ಸವೆದು ಸಾಯುವ ಟಿಪ್‌ನಲ್ಲಿ ನಾಲ್ಕೂ ಸಿಗುತ್ತವೆ, ಒಡೆದು ಸಾಯುವುದರಲ್ಲಿ ಸಿಗುವುದಿಲ್ಲ. ಬಳಸಿದ ಮೂಲೆಗೆ ಮಾರ್ಕರ್‌ನಲ್ಲಿ ಗುರುತು ಹಾಕುವ ನಿಯಮ ಮಾಡಿ. ಡಬ್ಬ ಸುರಿದು ನೋಡಿದರೆ ಎರಡೇ ಮೂಲೆ ಬಳಸಿ ಎಸೆದ ಟಿಪ್‌ಗಳು ಖಂಡಿತ ಸಿಗುತ್ತವೆ.

80 ಡಿಗ್ರಿಯ ನಾಲ್ಕು ಮೂಲೆ ಮುಗಿದ ಮೇಲೂ 100 ಡಿಗ್ರಿಯ ಮೂಲೆಗಳು ಹೊಸದರಂತೆಯೇ ಇರುತ್ತವೆ. ಪಿಸಿಬಿಎನ್‌ಆರ್ ಮಾದರಿಯ 75 ಡಿಗ್ರಿ ಹೋಲ್ಡರ್‌ನಲ್ಲಿ ಅವನ್ನು ರಫಿಂಗ್‌ಗೆ ಬಳಸಬಹುದು. ಮೂಲೆ ದೊಡ್ಡದಾದಷ್ಟೂ ಗಟ್ಟಿ, ಗ್ಯಾಸ್ ಕಟ್ ಬ್ಲ್ಯಾಂಕ್‌ನ ಮೊದಲ ಪಾಸ್‌ಗೆ ಹೇಳಿ ಮಾಡಿಸಿದಂತಿರುತ್ತದೆ. ಹೋಲ್ಡರ್‌ನ ಖರ್ಚು ಒಂದು ಸಲದ್ದು.

ಪೂರ್ತಿ ಮುಗಿದ ಟಿಪ್ ಕೂಡ ಕಸ ಅಲ್ಲ. ಲೋಕದ ಟಂಗ್‌ಸ್ಟನ್ ಗಣಿಗಾರಿಕೆಯಲ್ಲಿ ಸುಮಾರು 80 ಶೇಕಡಾ ಚೀನಾದ್ದು. 2025ರ ಫೆಬ್ರವರಿಯಲ್ಲಿ ಚೀನಾ ರಫ್ತಿನ ಮೇಲೆ ಹಿಡಿತ ಬಿಗಿ ಮಾಡಿದ ಮೇಲೆ ಬೆಲೆ ಏರಿತು, ಸ್ಕ್ರ್ಯಾಪ್‌ಗೂ ಬೇಡಿಕೆ ಬಂತು. ಹಳೇ ಟಿಪ್‌ಗಳನ್ನು ಕರಗಿದ ಸತುವಿನಲ್ಲಿ ಹಾಕಿ, ಅದು ಕೋಬಾಲ್ಟ್ ಜೊತೆ ಸೇರಿ ಉಬ್ಬಿ ಟಿಪ್ ಅನ್ನು ಒಡೆಯುವಂತೆ ಮಾಡಿ, ಆಮೇಲೆ ಸತುವನ್ನು ಆವಿಯಾಗಿಸಿ ಪುಡಿ ವಾಪಸ್ ಪಡೆಯುತ್ತಾರೆ. ಆ ಪುಡಿಯಿಂದ ಮತ್ತೆ ಟಿಪ್. ಸಿಎನ್‌ಎಂಜಿ 100 ಟಿಪ್ ಸೇರಿದರೆ ಹೆಚ್ಚುಕಡಿಮೆ 1 ಕೆಜಿ. ಕಬ್ಬಿಣದ ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಡುವುದು ದಡ್ಡತನ. ಟಿಪ್ ಬೇರೆ, ಡ್ರಿಲ್ ಮತ್ತು ಎಂಡ್‌ಮಿಲ್ ಬೇರೆ, ಬ್ರೇಜ್ ಟೂಲ್ ಬೇರೆ ಇಡಿ. ಸ್ಕ್ರೂ, ಸೆರಾಮಿಕ್ ಟಿಪ್ ಬೆರೆಸಬೇಡಿ, ಬೆರೆತರೆ ಪೂರ್ತಿ ಲಾಟ್‌ನ ದರ ಇಳಿಸುತ್ತಾರೆ. ಅವತ್ತಿನ ದರ ಎರಡು ಮೂರು ಕಡೆ ಕೇಳಿ, ಟಿಪ್ ಮಾರುವ ಕಂಪನಿ ವಾಪಸ್ ತೆಗೆದುಕೊಳ್ಳುತ್ತದಾ ಎಂದೂ ಕೇಳಿ.

ಗ್ರೈಂಡಿಂಗ್ ಕೆಸರಲ್ಲೂ ಟಂಗ್‌ಸ್ಟನ್ ಇದೆ, ಅದನ್ನೂ ಕೊಳ್ಳುವವರಿದ್ದಾರೆ. ಆದರೆ ಒಣಗಿಸಿ ಗುಡಿಸಿ ಚೀಲಕ್ಕೆ ತುಂಬುವ ಕೆಲಸಕ್ಕೆ ಹುಡುಗರನ್ನು ಹಾಗೇ ಬಿಡಬೇಡಿ. ಕೋಬಾಲ್ಟ್ ಇರುವ ಈ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಕೋಬಾಲ್ಟ್ ಮತ್ತು ಟಂಗ್‌ಸ್ಟನ್ ಕಾರ್ಬೈಡ್ ಸೇರಿದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲೇ ಕ್ಯಾನ್ಸರ್ ತರಬಹುದಾದವುಗಳ 2ಎ ಪಟ್ಟಿಗೆ ಸೇರಿಸಿದೆ. ಕೆಸರು ಒದ್ದೆ ಇರುವಾಗಲೇ ಮುಚ್ಚಳದ ಡಬ್ಬಕ್ಕೆ ತುಂಬಿ. ಗ್ರೈಂಡರ್ ಪಕ್ಕ ಧೂಳು ಎಳೆಯುವ ಸಕ್ಷನ್ ಹಾಕಿಸಿ. ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಸಣ್ಣ ಕಣ ತಡೆಯುವ ಫಿಲ್ಟರ್ ಮಾಸ್ಕೇ ಬೇಕು.